ಗಣಕಯಂತ್ರದ ನಕ್ಷಾವಿದ್ಯೆಯೂ ಕೈಯ ಕಾಯಕವೂ

(ಕೆಂಚನಗುಡ್ಡದಲ್ಲಿ ಶ್ರೀಮಠದ ಸುವರ್ಣ ಮಹೋತ್ಸವದ ವಿದ್ಯಾಗೋಷ್ಠಿಯಲ್ಲಿ ಮಾಡಿದ ಭಾಷಣ)

ನನಗೆ ಒಪ್ಪಿಸಲ್ಪಟ್ಟ ವಿಷಯವನ್ನು ಕುರಿತು ನಾಲ್ಕು ಮಾತುಗಳನ್ನು ಅರಿಕೆಮಾಡಿಕೊಳ್ಳುವೆನು.

ವಿಷಯದ ಹೆಸರನ್ನು ಕೇಳಿ ತಮ್ಮಲ್ಲಿ ಕೆಲವರಿಗೆ ನಗು ಬಂದಿದ್ದರೆ ಅದರಲ್ಲಿ ಆಶ್ಚರ್ಯವೇನೂ ಇಲ್ಲ. ಶಬ್ದರೂಪಗಳಿಂದ ಆರಂಭಿಸಿ ಅಮರಕೋಶ, ವ್ಯಾಕರಣ, ತರ್ಕಗಳನ್ನು ಪಾಠಶಾಲೆಯ ಚಾಪೆಯ ಮೇಲೆ ಕುಳಿತು ಕಲಿತು, ಮೂವತ್ತು ವರುಷಗಳಿಂದ ಅದೇ ಚಾಪೆಯ ಮೇಲೆ ಕುಳಿತು ಕಲಿಸುತ್ತಲಿರುವ ನನ್ನಂಥವನು ಗಣಕಯಂತ್ರದ ನಕ್ಷೆಯ ವಿಷಯವಾಗಿ ಮಾತಾಡುವದೆಂದರೆ, ಈಜು ಬಾರದವನು ತುಂಗಭದ್ರೆಯ ಆಳವನ್ನು ಹೇಳಲು ಹೊರಟಂತೆ ತೋರಬಹುದು. ಆದರೆ ಈ ವಿದ್ಯೆಯ ವಿಷಯದಲ್ಲಿ ನನ್ನಿಂದ ಒಂದು ತಪ್ಪು ಸಂಭವಿಸಿತು. ಆ ತಪ್ಪಿನ ಮೂಲಕವೇ ನಾನು ಇದನ್ನು ಸ್ವಲ್ಪಮಟ್ಟಿಗೆ ಅರಿತೆನು. ಮಹೋತ್ಸವದ ಸ್ಮರಣಾರ್ಥವಾಗಿ ಪ್ರಸಾದನಿಲಯದ ವಿದ್ಯಾರ್ಥಿಗಳಿಗೆ ಒಂದು ಗಣಕಶಾಲೆಯನ್ನು ಕಟ್ಟಿಸಿಕೊಡಬೇಕೆಂದು ಸದ್ಭಕ್ತರು ಸಂಕಲ್ಪಿಸಿರುವ ಈ ಸಮಯದಲ್ಲಿ, ಅದನ್ನು ಮರೆಮಾಚದೆ ಹೇಳುವದು ನನ್ನ ಕರ್ತವ್ಯವೆಂದು ಭಾವಿಸಿರುವೆನು.

ಮೊದಲು ವಿಷಯವೇನೆಂಬುದನ್ನು ತಿಳಿಸುವೆನು. ಪೇಟೆಯಲ್ಲಿ ಇದಕ್ಕೆ ಕ್ಯಾಡ್ ಮತ್ತು ಕ್ಯಾಮ್ ಎಂದು ಕರೆಯುವರು. ಮಾಡಬೇಕಾದ ವಸ್ತುವಿನ ಆಕಾರವನ್ನೂ ಅಳತೆಯನ್ನೂ ಗಣಕಯಂತ್ರದ ಸಹಾಯದಿಂದ ನಿಶ್ಚಯಿಸುವದು ಕ್ಯಾಡ್. ಹಾಗೆ ನಿಶ್ಚಯಿಸಿದ ಆಕಾರವನ್ನು ಯಂತ್ರವು ಕಡೆದುಕೊಡುವಂತೆ, ಅದರ ಉಳಿಯು ನಡೆಯತಕ್ಕ ದಾರಿಯನ್ನು ಬರೆದುಕೊಡುವದು ಕ್ಯಾಮ್. ಆ ಬರಹವನ್ನು ಓದಿ ತಾನಾಗಿ ಕೆಲಸಮಾಡುವ ಯಂತ್ರಕ್ಕೆ ಸಿ.ಎನ್.ಸಿ. ಯಂತ್ರವೆಂದು ಹೆಸರು.

ಇನ್ನು ನನ್ನ ತಪ್ಪಿನ ಸಂಗತಿ. ಕೆಲವು ವರುಷಗಳ ಹಿಂದೆ ನಮ್ಮ ಪ್ರಸಾದನಿಲಯದಲ್ಲಿ ಬೆಳೆದ ಒಬ್ಬ ಹುಡುಗನು ನನ್ನ ಬಳಿಗೆ ಬಂದು, “ಶಾಸ್ತ್ರಿಗಳೇ, ಕ್ಯಾಡ್ ಕಲಿಯಬೇಕೆಂದಿರುವೆನು, ತಮ್ಮ ಅಭಿಪ್ರಾಯವೇನು?” ಎಂದು ಕೇಳಿದನು. ನಾನು ಓದುತ್ತಲಿದ್ದ ಗ್ರಂಥದಿಂದ ಕಣ್ಣೆತ್ತದೆ, “ಅದು ನನಗೆ ತಿಳಿಯದ ವಿಷಯ, ತಮ್ಮಾ, ನಿನ್ನ ಮನಸ್ಸಿಗೆ ಬಂದಂತೆ ಮಾಡು” ಎಂದುಬಿಟ್ಟೆನು. ಅವನು ತಂದೆಯಿಲ್ಲದವನು, ಮನೆಗೆ ಆಧಾರವಾಗಿದ್ದುದು ಒಂದೂವರೆ ಎಕರೆ ಗದ್ದೆ. ತಾಯಿಯು ಕೊರಳ ಬಂಗಾರವನ್ನು ಒತ್ತೆಯಿಟ್ಟು ಶುಲ್ಕವನ್ನು ಹೊಂದಿಸಿದಳು. ದೂರದ ಪಟ್ಟಣದ ಒಂದು ತರಬೇತಿ ಕೇಂದ್ರದಲ್ಲಿ ಮೂರು ತಿಂಗಳು ಕಲಿತು, ಬಣ್ಣದ ಪ್ರಮಾಣಪತ್ರವೊಂದನ್ನು ಹಿಡಿದುಕೊಂಡು ಹುಡುಗನು ಊರಿಗೆ ಬಂದನು.

ಅದು ಭತ್ತದ ಸುಗ್ಗಿಯ ಕಾಲ. ವಿಜಯನಗರದ ಅರಸರು ತೋಡಿಸಿದ ಸಿರುಗುಪ್ಪ, ದೇಶನೂರು ಕಾಲುವೆಗಳ ನೀರನ್ನುಂಡು ಬೆಳೆದ ನಮ್ಮ ಸೀಮೆಯಲ್ಲಿ ಸುಗ್ಗಿಯೆಂದರೆ ಅಕ್ಕಿಗಿರಣಿಗಳಿಗೆ ಉಸಿರಾಡಲು ಪುರುಸೊತ್ತಿಲ್ಲದ ಕಾಲವೆಂಬುದನ್ನು ತಾವೆಲ್ಲರೂ ಬಲ್ಲಿರಿ. ಅಂಥ ಸಮಯದಲ್ಲಿ ಒಂದು ಗಿರಣಿಯ ಪಟ್ಟೆಯೋಡುವ ಪುಲ್ಲಿಯು ಸವೆದು ಸೀಳಿಹೋಯಿತು. ಯಂತ್ರ ಹಳೆಯದು, ಅದರ ಬಿಡಿಭಾಗ ಅಂಗಡಿಯಲ್ಲಿ ಸಿಕ್ಕುವಂತಿರಲಿಲ್ಲ. ಹುಡುಗನು ಉತ್ಸಾಹದಿಂದ ಮುಂದೆ ಬಂದು, ಮುರಿದ ಪುಲ್ಲಿಯನ್ನು ಅಳೆದು, ಗಣಕದಲ್ಲಿ ಅಂದವಾದ ನಕ್ಷೆಯನ್ನು ಬರೆದನು. ಆ ನಕ್ಷೆಯು ಪಟ್ಟಣದ ಸಿ.ಎನ್.ಸಿ. ಯಂತ್ರಕ್ಕೆ ಹೋಯಿತು, ಹೊಳೆಯುವ ಹೊಸ ಪುಲ್ಲಿಯು ಬಂದಿತು. ಶಾಫ್ಟಿಗೆ ಹಾಕಿ ಗಿರಣಿಯನ್ನು ಚಾಲು ಮಾಡಿದರೆ ಪುಲ್ಲಿಯು ಓಲಾಡತೊಡಗಿತು. ಸಂಜೆಯ ಹೊತ್ತಿಗೆ ಅದನ್ನು ಹಿಡಿದಿದ್ದ ಕೀ ಕತ್ತರಿಸಿಹೋಯಿತು. ಗಿರಣಿಯು ನಿಂತಿತು, ಅಂಗಳದಲ್ಲಿ ರೈತರ ಚೀಲಗಳು ನಿಂತವು. ಸಾಹುಕಾರರು ಹುಡುಗನಿಗೆ ಆಡಿದ ಮಾತುಗಳನ್ನು ಈ ಸಭೆಯಲ್ಲಿ ಹೇಳತಕ್ಕದ್ದಲ್ಲ. ಆ ರಾತ್ರಿ ಅವನು ಮಠಕ್ಕೆ ಬಂದು, ಕಂಬಕ್ಕೊರಗಿ ಕುಳಿತು, “ನಾನು ಅಳೆದದ್ದು ಸರಿಯಾಗಿತ್ತು, ಯಂತ್ರ ಮಾಡಿದ್ದೂ ಸರಿಯಾಗಿತ್ತು, ತಪ್ಪು ಎಲ್ಲಿ ಆಯಿತೋ ತಿಳಿಯಲೊಲ್ಲದು” ಎಂದನು. ಆಗ ನನಗೆ ನನ್ನ ಹಿಂದಿನ ಉತ್ತರವು ನೆನಪಿಗೆ ಬಂದು ಬಹಳ ನಾಚಿಕೆಯಾಯಿತು. ವಿಷಯ ತಿಳಿಯದಿದ್ದರೆ ತಿಳಿದವರ ಬಳಿಗೆ ಕರೆದುಕೊಂಡು ಹೋಗುವಷ್ಟಾದರೂ ಗುರುವಾದವನು ಮಾಡಬೇಕಾಗಿದ್ದಿತು.

ಮರುದಿವಸ ನಾವಿಬ್ಬರೂ ಸಿರುಗುಪ್ಪದ ಒಬ್ಬ ವೃದ್ಧ ಲೇಥ್ ಮೇಸ್ತ್ರಿಯ ಬಳಿಗೆ ಹೋದೆವು. ಅವರು ಹೆಚ್ಚು ಮಾತಾಡಲಿಲ್ಲ. ಹಳೆಯ ಪುಲ್ಲಿಯ ತೂತಿನಲ್ಲಿ ಬೆರಳಾಡಿಸಿ, “ಎಷ್ಟು ಬರೆದಿ?” ಎಂದರು. “40.6 ಮಿಲಿಮೀಟರು” ಎಂದನು ಹುಡುಗ. “ಇದು ಸವೆದ ತೂತು, ಮಗನೆ. ಸವೆದದ್ದನ್ನು ಅಳೆದು ಹೊಸದರಲ್ಲಿ ಸವಕಳಿಯನ್ನೇ ಮಾಡಿಸಿದಿ. ತೂತನ್ನಲ್ಲ, ಶಾಫ್ಟನ್ನು ಅಳೆ, ಅದೂ ಪುಲ್ಲಿ ಕೂಡದ, ಸವೆಯದ ಕಡೆಗೆ” ಎಂದರು. ಅಳೆದು ನೋಡಿದರೆ ಶಾಫ್ಟು ಸರಿಯಾಗಿ 40 ಮಿಲಿಮೀಟರಿನದು. ಪುಲ್ಲಿಯು ಕೂಡುವ ಕಡೆಗೂ ಅದು ಅಷ್ಟಾಗಿ ಸವೆದಿರಲಿಲ್ಲ.

ಮಹಾಶಯರೇ, ನಾನು ಈ ದಿನ ಹೇಳಬೇಕಾದ ಮಾತು ಇದೊಂದೇ. ಗಣಕಯಂತ್ರವು ತನಗೆ ಹೇಳಿದುದನ್ನು ಕೂದಲೆಳೆಯಷ್ಟೂ ತಪ್ಪದೆ ನಡೆಯಿಸಿಕೊಡುವದು. ಹೇಳಿದುದು ಸರಿಯೋ ತಪ್ಪೋ ಎಂಬುದನ್ನು ಅದು ಅರಿಯದು. ವಸ್ತುವು ಏತಕ್ಕಾಗಿ ಇರುವದು, ಯಾವುದರೊಡನೆ ಕೂಡಬೇಕಾಗಿರುವದು, ಎಲ್ಲಿ ಸವೆಯುವದು ಎಂಬುದನ್ನು ಅರಿಯತಕ್ಕವನು ಕಾಯಕ ಮಾಡುವ ಮನುಷ್ಯನು. ತಂತ್ರಾಂಶವನ್ನು ಕಲಿಸಿ ಈ ಅರಿವನ್ನು ಕಲಿಸದಿದ್ದರೆ, ನಾವು ಮಕ್ಕಳ ಕೈಗೆ ತಪ್ಪನ್ನು ಶೀಘ್ರವಾಗಿ ಮಾಡುವ ಸಾಧನವನ್ನು ಕೊಟ್ಟಂತಾಗುವದು.

ಈ ವಿದ್ಯೆಯು ಎಲ್ಲಿಂದ ಬಂದಿತೆಂಬುದನ್ನು ಸಂಕ್ಷೇಪವಾಗಿ ತಿಳಿಸುವೆನು. ಅಮೇರಿಕಾ ದೇಶದಲ್ಲಿ ಜಾನ್ ಪಾರ್ಸನ್ಸ್ ಎಂಬವರು ಹೆಲಿಕಾಪ್ಟರಿನ ರೆಕ್ಕೆಗಳ ಬಾಗನ್ನು ನಿಖರವಾಗಿ ಅಳೆದು ಮಾಡುವ ಕಷ್ಟದಿಂದ, ಅಂಕಿಗಳ ಮೂಲಕವೇ ಯಂತ್ರವನ್ನು ನಡೆಯಿಸುವ ಯೋಚನೆಗೆ ಬಂದರು. 1952ರಲ್ಲಿ ಮೆಸಾಚುಸೆಟ್ಸ್ ತಂತ್ರವಿದ್ಯಾ ಸಂಸ್ಥೆಯಲ್ಲಿ ಅಂಥ ಯಂತ್ರವನ್ನು ಪ್ರದರ್ಶಿಸಿದರು. ಅದೇ ಸಂಸ್ಥೆಯಲ್ಲಿ 1963ರಲ್ಲಿ ಐವನ್ ಸದರ್‌ಲ್ಯಾಂಡ್ ಎಂಬ ತರುಣರು ಸ್ಕೆಚ್‌ಪ್ಯಾಡ್ ಎಂಬ ತಂತ್ರಾಂಶವನ್ನು ರಚಿಸಿ, ಬೆಳಕಿನ ಲೇಖನಿಯಿಂದ ಗಣಕದ ಪರದೆಯ ಮೇಲೆ ಗೆರೆಯೆಳೆದು ತೋರಿಸಿದರು. ಫ್ರಾನ್ಸ್ ದೇಶದಲ್ಲಿ ಸಿಟ್ರೊಯೆನ್ ಕಾರಖಾನೆಯ ಪಾಲ್ ದ ಕಾಸ್ಟೆಲ್‌ಜೋ ಅವರೂ ರೆನೋ ಕಾರಖಾನೆಯ ಪಿಯರ್ ಬೆಜಿಯೇ ಅವರೂ ಮೋಟಾರಿನ ಮೈಯ ಬಾಗುಗಳನ್ನು ಗಣಿತದ ಸೂತ್ರಗಳಲ್ಲಿ ಹಿಡಿದಿಟ್ಟರು. ಮೊದಮೊದಲು ದೊಡ್ಡ ಕಾರಖಾನೆಗಳ ಸ್ವತ್ತಾಗಿದ್ದ ಈ ವಿದ್ಯೆಯು, 1982ರಲ್ಲಿ ಆಟೋಕ್ಯಾಡ್ ಎಂಬ ತಂತ್ರಾಂಶವು ಸಣ್ಣ ಗಣಕಗಳಿಗಾಗಿ ಹೊರಟ ಮೇಲೆ ಸಾಮಾನ್ಯ ನಕ್ಷೆಗಾರರ ಮೇಜಿಗೂ ಬಂದಿತು.

ನಮ್ಮ ಕನ್ನಡ ನಾಡು ಇದರಲ್ಲಿ ಹಿಂದುಳಿದಿಲ್ಲವೆಂಬುದು ಹೆಮ್ಮೆಯ ಸಂಗತಿ. ಬೆಂಗಳೂರಿನಲ್ಲಿ 1953ರಲ್ಲಿ ಎಚ್.ಎಂ.ಟಿ. ಕಾರಖಾನೆಯು ಯಂತ್ರಗಳನ್ನು ಮಾಡುವ ಯಂತ್ರಗಳಿಗಾಗಿಯೇ ಹುಟ್ಟಿತು. 1984ರಲ್ಲಿ ಸ್ಥಾಪಿತವಾದ ವಿಮಾನ ಅಭಿವೃದ್ಧಿ ಸಂಸ್ಥೆಯವರು ತೇಜಸ್ ಎಂಬ ಲಘು ಯುದ್ಧವಿಮಾನವನ್ನು ಗಣಕದಲ್ಲಿಯೇ ರೂಪಿಸಿದರು; ಅದು 2001ರ ಜನವರಿ 4ರಂದು ಬೆಂಗಳೂರಿನ ಆಕಾಶದಲ್ಲಿ ಮೊದಲ ಬಾರಿಗೆ ಹಾರಿತು. ಆ ವಿಮಾನದ ಮೈಯ ಹೆಚ್ಚಿನ ಭಾಗವು ಪದರದ ಮೇಲೆ ಪದರವಿಟ್ಟು ಮಾಡಿದ ಇಂಗಾಲದ ನಾರಿನದು. ಆ ಪದರಗಳ ಜೋಡಣೆಗಾಗಿ ಅಲ್ಲಿನ ವಿಜ್ಞಾನಿಗಳು ಆಟೋಲೇ ಎಂಬ ತಂತ್ರಾಂಶವನ್ನು ತಾವೇ ರಚಿಸಿದರು. ಮುಂದೆ ಯುರೋಪಿನ ಏರ್‌ಬಸ್ ಸಂಸ್ಥೆಯವರು ಎ-380 ಎಂಬ ಮಹಾವಿಮಾನದ ಕಾರ್ಯಕ್ಕಾಗಿ ಅದನ್ನು ಪಡೆದುಕೊಂಡರು. ತಮಗೆ ಎದುರಾದ ತೊಡಕಿಗೆ ತಕ್ಕ ಸಾಧನವನ್ನು ನಮ್ಮವರು ಸ್ವಂತವಾಗಿ ನಿರ್ಮಿಸಬಲ್ಲರೆಂಬುದಕ್ಕೆ ಇದು ನಿದರ್ಶನವು.

ಇನ್ನು ಕಲಿಯುವ ಕ್ರಮವನ್ನು ನೋಡೋಣ. ಆ ಪ್ರಸಂಗದ ತರುವಾಯ ನಾನೂ ಹುಡುಗನ ಪಕ್ಕದಲ್ಲಿ ಕುಳಿತು, ಅವನು ಮಾಡುವದನ್ನು ತಿಂಗಳುಗಟ್ಟಲೆ ನೋಡಿದೆನು. ಮೊದಲು ಒಂದು ಸಮತಲದಲ್ಲಿ ರೇಖಾಚಿತ್ರವನ್ನು ಬರೆಯುವರು. ಈ ಗೆರೆಯು ಆ ಗೆರೆಗೆ ಲಂಬವಾಗಿರಬೇಕು, ಈ ವೃತ್ತವು ಆ ಗೆರೆಯನ್ನು ಸ್ಪರ್ಶಿಸಬೇಕು, ಈ ಎರಡು ತೂತುಗಳು ನಡುಗೆರೆಯಿಂದ ಸಮದೂರದಲ್ಲಿರಬೇಕು ಎಂದು ಸಂಬಂಧಗಳನ್ನು ವಿಧಿಸುವರು. ಎಲ್ಲ ಸಂಬಂಧಗಳೂ ಅಳತೆಗಳೂ ಪೂರ್ಣವಾದಾಗ ಚಿತ್ರವು ಅಲುಗಾಡದೆ ನಿಲ್ಲುವದು. ಆಮೇಲೆ ಅದನ್ನು ಎತ್ತರಿಸಿ ಅಥವಾ ಅಚ್ಚಿನ ಸುತ್ತಲೂ ತಿರುಗಿಸಿ ಘನರೂಪಕ್ಕೆ ತರುವರು. ಅದರಲ್ಲಿ ತೂತು ಕೊರೆಯುವರು, ಅಂಚು ಮುರಿಯುವರು. ಈ ಒಂದೊಂದು ಕ್ರಿಯೆಯೂ ಪರದೆಯ ಬದಿಯಲ್ಲಿ ಒಂದರ ಕೆಳಗೊಂದು ದಾಖಲಾಗುವದು.

ಇದನ್ನು ಕಂಡಾಗ ನನಗೆ ಪಾಣಿನಿಯ ಸೂತ್ರಗಳ ನೆನಪಾಯಿತು. ಮೇಲಿನ ಸೂತ್ರದ ಪದವು ಕೆಳಗಿನ ಸೂತ್ರಗಳಿಗೆ ಅನುವೃತ್ತಿಯಾಗಿ ಇಳಿದುಬರುವದನ್ನು ಪಾಠಶಾಲೆಯ ಮಕ್ಕಳು ಬಲ್ಲರು. ಇಲ್ಲಿಯೂ ಮೊದಲನೆಯ ಅಳತೆಯನ್ನು ಬದಲಿಸಿದರೆ, ಅದನ್ನು ನಂಬಿಕೊಂಡಿರುವ ಮುಂದಿನದೆಲ್ಲವೂ ತಾನಾಗಿ ಬದಲಾಗುವದು. ಮೊದಲನೆಯದನ್ನೇ ಅಳಿಸಿದರೆ ಮುಂದಿನದೆಲ್ಲವೂ ಕುಸಿಯುವದು. ಆದುದರಿಂದ ಯಾವುದನ್ನು ಮೂಲವೆಂದು ಹಿಡಿಯಬೇಕೆಂಬ ವಿವೇಚನೆಯೇ ಇಲ್ಲಿ ಮುಖ್ಯವು. ನಮ್ಮ ಹುಡುಗನು ಪುಲ್ಲಿಯ ಹೊರಗಿನ ಅಂಚನ್ನು ಮೂಲವಾಗಿ ಹಿಡಿದು ಬರೆದಿದ್ದನು. ಎರಡನೆಯ ಸಲ ಶಾಫ್ಟಿನ ನಡುಗೆರೆಯನ್ನು ಮೂಲವಾಗಿಟ್ಟು ಬರೆದನು. ಪುಲ್ಲಿಯು ತಿರುಗುವದು ಆ ನಡುಗೆರೆಯ ಸುತ್ತಲೂ ಅಲ್ಲವೆ?

ಎರಡನೆಯದು, ಅಳತೆಗೆ ಇರುವ ಸೈರಣೆ. ನಲವತ್ತು ಎಂದು ಬರೆದರೆ ಯಂತ್ರವು ನಲವತ್ತನ್ನೇ ಮಾಡುವದೆಂದು ನಾವು ತಿಳಿಯುವೆವು. ಲೋಕದಲ್ಲಿ ಯಾವ ವಸ್ತುವೂ ಸರಿಯಾಗಿ ನಲವತ್ತು ಆಗಲಾರದು. ಎಷ್ಟು ಹೆಚ್ಚುಕಡಿಮೆಯಾದರೆ ಸಹಿಸಬಹುದೆಂಬುದನ್ನು ನಕ್ಷೆಯಲ್ಲಿ ಹೇಳಬೇಕು. 40 ಮಿಲಿಮೀಟರ್ ಶಾಫ್ಟಿಗೆ ಕೂಡುವ ತೂತಿಗೆ ಎಚ್-7 ಎಂಬ ದರ್ಜೆಯನ್ನು ಬರೆದರೆ, ಅದು 40.000ಕ್ಕೆ ಕಡಿಮೆಯಾಗಕೂಡದು, 40.025ಕ್ಕೆ ಹೆಚ್ಚಾಗಕೂಡದು ಎಂದು ಅರ್ಥ. ಈ ಅಂತರವು ತಲೆಗೂದಲಿನ ದಪ್ಪಕ್ಕಿಂತಲೂ ಕಡಿಮೆ. ಹುಡುಗನ ಕೈಯಲ್ಲಿದ್ದ ಸಾಮಾನ್ಯ ವರ್ನಿಯರ್ ಕ್ಯಾಲಿಪರಿನ ಗೆರೆಯು 0.02 ಮಿಲಿಮೀಟರಿನದು, ಅದರಿಂದ ಇಷ್ಟು ಸೂಕ್ಷ್ಮವಾದ ತೂತನ್ನು ಪರೀಕ್ಷಿಸಲಾಗದು. ಅದಕ್ಕೆ ಬೋರ್ ಗೇಜೋ ಪ್ಲಗ್ ಗೇಜೋ ಬೇಕು. ಹಾಗೆಯೇ 40 ಮಿಲಿಮೀಟರ್ ಶಾಫ್ಟಿಗೆ ಪ್ರಮಾಣಬದ್ಧವಾದ ಕೀ 12 ಮಿಲಿಮೀಟರ್ ಅಗಲ, 8 ಮಿಲಿಮೀಟರ್ ಎತ್ತರದ್ದು. ಪುಲ್ಲಿಯಲ್ಲಿ ಅದಕ್ಕೆ ಬಿಡುವ ಗಾಡಿಯ ಆಳ 3.3 ಮಿಲಿಮೀಟರು. ಇವೆಲ್ಲ ಪಟ್ಟಿಗಳಲ್ಲಿ ಬರೆದಿಟ್ಟಿರುವ ಸಂಗತಿಗಳು. ಪ್ರಮಾಣಪತ್ರ ಕೊಟ್ಟ ಕೇಂದ್ರದಲ್ಲಿ ಹುಡುಗನಿಗೆ ಗುಂಡಿಗಳ ಹೆಸರುಗಳನ್ನು ಕಲಿಸಿದ್ದರೇ ಹೊರತು, ಇಂಥದೊಂದು ಪಟ್ಟಿಯನ್ನು ತೆರೆದು ತೋರಿಸಿರಲಿಲ್ಲ.

ಅಲ್ಲಿ ಬಿಟ್ಟುಹೋದ ಇನ್ನೊಂದು ಪಾಠವೂ ಇದೆ. ಒಂದು ಘನವಸ್ತುವನ್ನು ಮುಂದಿನಿಂದ, ಮೇಲಿನಿಂದ, ಬದಿಯಿಂದ ನೋಡಿ ಕಾಗದದ ಮೇಲೆ ಬರೆಯುವದಕ್ಕೆ ಎರಡು ಸಂಪ್ರದಾಯಗಳಿರುವವು. ನಮ್ಮ ದೇಶದ ಪ್ರಮಾಣ ಸಂಹಿತೆಯು ಪ್ರಥಮಕೋನ ಪದ್ಧತಿಯದು. ಅಮೇರಿಕದವರು ತೃತೀಯಕೋನ ಪದ್ಧತಿಯವರು. ಒಂದರಲ್ಲಿ ಎಡಕ್ಕೆ ಬರೆಯುವ ನೋಟವನ್ನು ಮತ್ತೊಂದರಲ್ಲಿ ಬಲಕ್ಕೆ ಬರೆಯುವರು. ನಕ್ಷೆಯ ಮೂಲೆಯಲ್ಲಿರುವ ಚಿಕ್ಕ ಚಿಹ್ನೆಯನ್ನು ನೋಡದೆ ಓದಿದವನು, ಎಡಗಾಲಿನ ಪಾದರಕ್ಷೆಯನ್ನು ಬಲಗಾಲಿಗೆ ಮಾಡಿದಂತೆ, ತಿರುಗುಮುರುಗಾದ ವಸ್ತುವನ್ನು ಮಾಡಿಡುವನು.

ಮೂರನೆಯದು, ಉಳಿಯ ದಾರಿ. ಕುರುಗೋಡಿನ ದೊಡ್ಡಬಸವೇಶ್ವರನ ದರ್ಶನವನ್ನು ತಾವೆಲ್ಲರೂ ಮಾಡಿರುವಿರಿ. ಆ ಬೃಹತ್ ನಂದಿಯನ್ನು ಕಂಡರಿಸಿದ ಶಿಲ್ಪಿಯು ಬಂಡೆಯಲ್ಲಿ ಬೇಡವಾದುದನ್ನು ತೆಗೆಯುತ್ತ ಹೋದನಲ್ಲದೆ ಏನನ್ನೂ ಸೇರಿಸಲಿಲ್ಲ; ಒಂದು ಏಟು ಹೆಚ್ಚು ಬಿದ್ದಿದ್ದರೆ ಹೋದ ಕಲ್ಲು ಮರಳಿ ಬರುತ್ತಿರಲಿಲ್ಲ. ಸಿ.ಎನ್.ಸಿ. ಯಂತ್ರದ ಕಡೆತವೂ ಇದೇ ಧರ್ಮದ್ದು. ಅದಕ್ಕೆ ಬರೆದುಕೊಡುವ ಆಜ್ಞೆಗಳಲ್ಲಿ ಜಿ-00 ಎಂದರೆ ಏನನ್ನೂ ಕಡೆಯದೆ ವೇಗವಾಗಿ ಹೋಗು ಎಂದೂ, ಜಿ-01 ಎಂದರೆ ಹೇಳಿದ ಗತಿಯಲ್ಲಿ ನೇರವಾಗಿ ಕಡೆಯುತ್ತ ಹೋಗು ಎಂದೂ, ಜಿ-02, ಜಿ-03 ಎಂದರೆ ಬಲಸುತ್ತಾಗಿ, ಎಡಸುತ್ತಾಗಿ ಬಾಗಿ ಹೋಗು ಎಂದೂ ಅರ್ಥ. ಜಿ-01 ಇರಬೇಕಾದಲ್ಲಿ ಜಿ-00 ಬಿದ್ದರೆ ಉಳಿಯು ಲೋಹಕ್ಕೆ ಅಪ್ಪಳಿಸಿ ಮುರಿಯುವದು. ಹತ್ತಿರ ನಿಂತವನಿಗೂ ಅಪಾಯ. ಆದಕಾರಣ ಲೋಹಕ್ಕೆ ಕೈಹಚ್ಚುವ ಮೊದಲು ಆ ದಾರಿಯನ್ನು ಪರದೆಯ ಮೇಲೆ ನಡೆಯಿಸಿ ನೋಡುವರು. ಇದು ಈ ವಿದ್ಯೆಯ ಮಹೋಪಕಾರವೆಂದು ನನಗೆ ತೋರಿತು. ಹಿಂದೆ ವಸ್ತು ಕೆಟ್ಟ ಮೇಲೆ ತಿಳಿಯುತ್ತಿದ್ದ ಎಷ್ಟೋ ತಪ್ಪುಗಳು ಈಗ ಕೆಡುವದಕ್ಕೆ ಮುಂಚೆಯೇ ಕಣ್ಣಿಗೆ ಬೀಳುವವು.

ಉಳಿಯ ಸುತ್ತಿಗೂ ಲೆಕ್ಕವುಂಟು. ಹೈಸ್ಪೀಡ್ ಉಕ್ಕಿನ ಉಳಿಯಿಂದ ಮೆದು ಉಕ್ಕನ್ನು ಕಡೆಯುವಾಗ, ಉಳಿಯ ಅಂಚು ನಿಮಿಷಕ್ಕೆ 25 ಮೀಟರಿನಂತೆ ಓಡಲೆಂದು ಇಟ್ಟುಕೊಂಡರೆ, 10 ಮಿಲಿಮೀಟರ್ ವ್ಯಾಸದ ಉಳಿಗೆ ನಿಮಿಷಕ್ಕೆ ಸುಮಾರು 796 ಸುತ್ತುಗಳು. 20 ಮಿಲಿಮೀಟರಿನದಕ್ಕೆ ಅದರರ್ಧ. ತಂತ್ರಾಂಶವು ಇದನ್ನು ಕ್ಷಣದಲ್ಲಿ ಎಣಿಸಿಕೊಡುವದು. ಆದರೆ ಲೋಹ ಯಾವುದು, ಉಳಿ ಯಾವುದು ಎಂದು ಹೇಳುವವನು ತಪ್ಪಿ ಹೇಳಿದರೆ ಲೆಕ್ಕವು ಸರಿಯಿದ್ದೂ ಉಳಿಯು ಸುಟ್ಟುಹೋಗುವದು. ಅಲ್ಲದೆ 10 ಮಿಲಿಮೀಟರಿನ ದುಂಡು ಉಳಿಯು ಒಳಮೂಲೆಯಲ್ಲಿ 5 ಮಿಲಿಮೀಟರ್ ತ್ರಿಜ್ಯದ ದುಂಡನ್ನು ಬಿಟ್ಟೇ ಬಿಡುವದು. ಪರದೆಯ ಮೇಲೆ ಚೂಪಾದ ಒಳಮೂಲೆಯನ್ನು ಬರೆಯುವದು ಸುಲಭ. ಅದನ್ನು ಅಂಥ ಉಳಿಯಿಂದ ಕಡೆಯುವದು ಅಸಾಧ್ಯ. ಯಂತ್ರದ ಮುಂದೆ ಒಂದು ದಿನವಾದರೂ ನಿಂತವನು ಇದನ್ನು ಮರೆಯಲಾರನು. ನಿಲ್ಲದವನಿಗೆ ಪುಸ್ತಕದಿಂದ ತಿಳಿಯುವದು ಕಷ್ಟ.

ಇದು ಕಬ್ಬಿಣದವರ ವಿದ್ಯೆಯೆಂದು ತಾಯಂದಿರು ಭಾವಿಸಬೇಡಿರಿ. ನಮ್ಮ ಜಿಲ್ಲೆಯ ಮುಖ್ಯಪಟ್ಟಣವಾದ ಬಳ್ಳಾರಿಯು ಜೀನ್ಸ್ ಬಟ್ಟೆಯ ಹೊಲಿಗೆಗೆ ದೇಶದಲ್ಲೆಲ್ಲ ಹೆಸರಾದುದು. ಆ ಕಾಯಕದಲ್ಲಿ ನಮ್ಮ ಹಳ್ಳಿಗಳ ಹೆಣ್ಣುಮಕ್ಕಳೂ ಬಹಳ ಮಂದಿ ಇರುವರು. ಒಂದು ಷರಾಯಿಯ ಮುಂಭಾಗ, ಹಿಂಭಾಗ, ಕಿಸೆ, ಸೊಂಟಪಟ್ಟಿಗಳ ಮಾದರಿಗಳನ್ನು ರಟ್ಟಿನಲ್ಲಿ ಕತ್ತರಿಸಿ, 28ರಿಂದ 40 ಅಂಗುಲದ ಸೊಂಟದವರೆಗೆ ಒಂದೊಂದು ಅಳತೆಗೂ ಹಿಗ್ಗಿಸಿ, ಬಟ್ಟೆಯ ಮೇಲೆ ಹೊಂದಿಸಿ ಗೆರೆ ಹಾಕುವದು ನುರಿತವರ ಕೆಲಸ. ಇದನ್ನು ಇಂದಿಗೂ ಕೈಯಿಂದ ಮಾಡುವವರಿದ್ದಾರೆ, ಗಣಕದಿಂದ ಮಾಡುವವರೂ ಇದ್ದಾರೆ. ಗಣಕದಲ್ಲಿ ಮಾದರಿಗಳನ್ನು ಅತ್ತಿತ್ತ ತಿರುಗಿಸಿ, ಬಟ್ಟೆಯು ಕಡಿಮೆ ಪೋಲಾಗುವಂತೆ ಹೊಂದಿಸಿ ನೋಡುವದು ಸುಲಭ.

ಇಲ್ಲಿಯೂ ಮೇಸ್ತ್ರಿಯ ಮಾತೇ ಸಲ್ಲುವದು. ಜೀನ್ಸ್ ಬಟ್ಟೆಯು ಒಗೆತಕ್ಕೆ ಕುಗ್ಗುವದು. ಒಂದೊಂದು ಗಿರಣಿಯ ಬಟ್ಟೆಗೆ ಒಂದೊಂದು ಕುಗ್ಗು. ಉದ್ದದಲ್ಲಿ ನೂರಕ್ಕೆ ನಾಲ್ಕರಂತೆ ಕುಗ್ಗುವದೆಂದು ಇಟ್ಟುಕೊಳ್ಳೋಣ. ಒಗೆದ ಮೇಲೆ 100 ಸೆಂಟಿಮೀಟರು ಉಳಿಯಬೇಕಾದರೆ 104 ಕತ್ತರಿಸಿದರೆ ಸಾಲದು. 104ರಲ್ಲಿ ನೂರಕ್ಕೆ ನಾಲ್ಕು ಹೋದರೆ 99.84 ಉಳಿಯುವದು. ಬೇಕಾದುದು 104.17. ಈ ಗುಣಾಕಾರವನ್ನು ಗಣಕವು ಮಾಡುವದು. ಆದರೆ ಒಂದು ತುಂಡು ಬಟ್ಟೆಯನ್ನು ಮೊದಲು ಒಗೆದು ಒಣಗಿಸಿ ಕುಗ್ಗನ್ನು ಅಳೆದು ಹೇಳುವವಳು ಹೊಲಿಗೆಯ ಮನೆಯ ಹೆಂಗಸು. ಎರಕದವರೂ ಬೀಡುಕಬ್ಬಿಣಕ್ಕೆ ನೂರಕ್ಕೆ ಸುಮಾರು ಒಂದರಷ್ಟು ಹೆಚ್ಚಿಟ್ಟು ಮರದ ಅಚ್ಚನ್ನು ಮಾಡುವರು, ಕರಗಿದ ಲೋಹವು ಆರುವಾಗ ಕುಗ್ಗುವದೆಂಬ ಕಾರಣದಿಂದ. ಬಟ್ಟೆಯವರದೂ ಕಬ್ಬಿಣದವರದೂ ಒಂದೇ ಶಾಸ್ತ್ರ.

“ಗಣಕವು ಬಂದರೆ ಕೈಕೆಲಸದವರ ಅನ್ನಕ್ಕೆ ಕುಂದು ಬಾರದೆ?” ಎಂದು ಹಿರಿಯರೊಬ್ಬರು ನನ್ನನ್ನು ಕೇಳಿದರು. ಬಾರದೆಂದು ಹೇಳಿದರೆ ಅದು ಅಸತ್ಯವಾಗುವದು. ದಿನಗಟ್ಟಲೆ ಮಾದರಿ ಹೊಂದಿಸುತ್ತಿದ್ದವರ ಕೆಲಸವು ಗಂಟೆಗಳಿಗೆ ಇಳಿದರೆ ಕೆಲವರ ಕೈ ಬರಿದಾಗುವದು ಸಹಜ. ಅದಕ್ಕಾಗಿಯೇ ನನ್ನ ಬಿನ್ನಹವೇನೆಂದರೆ, ಈ ವಿದ್ಯೆಯನ್ನು ಮೊದಲು ಕಲಿಸತಕ್ಕದ್ದು ಆ ಕೈಕೆಲಸದವರಿಗೂ ಅವರ ಮಕ್ಕಳಿಗೂ. ಬಟ್ಟೆಯನ್ನು ಬಲ್ಲವಳು ತಂತ್ರಾಂಶವನ್ನು ಕಲಿಯುವದಕ್ಕೆ ಕೆಲವು ತಿಂಗಳು ಸಾಕು. ತಂತ್ರಾಂಶವನ್ನು ಮಾತ್ರ ಬಲ್ಲವನು ಬಟ್ಟೆಯನ್ನು ಅರಿಯುವದಕ್ಕೆ ವರುಷಗಳು ಹಿಡಿಯುವವು.

ವಿದ್ಯಾದಾನದಲ್ಲಿ ನಮ್ಮ ಸಮಾಜವು ಕಾಲಕ್ಕೆ ತಕ್ಕ ವಿದ್ಯೆಯನ್ನು ಎಂದೂ ದೂರವಿಟ್ಟಿಲ್ಲ. ಬಳ್ಳಾರಿಯ ವೀರಶೈವ ವಿದ್ಯಾವರ್ಧಕ ಸಂಘವು 1916ರಲ್ಲಿ ಹುಟ್ಟಿ, 1980ರಲ್ಲಿ ತಂತ್ರಶಿಕ್ಷಣದ ಮಹಾವಿದ್ಯಾಲಯವನ್ನು ತೆರೆಯಿತು. ತುಮಕೂರಿನ ಸಿದ್ಧಗಂಗಾ ಮಠದ ತಾಂತ್ರಿಕ ಮಹಾವಿದ್ಯಾಲಯವು 1963ರದು. ಸರಕಾರದ ಉಪಕರಣಾಗಾರ ಮತ್ತು ತರಬೇತಿ ಕೇಂದ್ರವು 1972ರಲ್ಲಿ ಡೆನ್ಮಾರ್ಕ್ ದೇಶದ ನೆರವಿನಿಂದ ಬೆಂಗಳೂರಿನಲ್ಲಿ ಆರಂಭವಾಗಿ, ನಾಡಿನ ಹಲವು ಊರುಗಳಿಗೆ ಹಬ್ಬಿತು. 2022ರ ಜೂನಿನಲ್ಲಿ ರಾಜ್ಯದ 150 ಸರಕಾರಿ ಕೈಗಾರಿಕಾ ತರಬೇತಿ ಸಂಸ್ಥೆಗಳು ಹೊಸ ಯಂತ್ರಗಳೊಡನೆ ತಂತ್ರಜ್ಞಾನ ಕೇಂದ್ರಗಳಾಗಿ ಲೋಕಾರ್ಪಣೆಗೊಂಡವು. ಬಂಗಾರವನ್ನು ಒತ್ತೆಯಿಡುವ ಮೊದಲು ಇಂಥ ಬಾಗಿಲುಗಳನ್ನು ತಟ್ಟಿ ವಿಚಾರಿಸಬೇಕೆಂದು ತಾಯಿತಂದೆಗಳಲ್ಲಿ ನನ್ನ ಪ್ರಾರ್ಥನೆ.

ತಂತ್ರಾಂಶದ ಬೆಲೆಯ ವಿಷಯವಾಗಿಯೂ ಒಂದು ಮಾತು. ಬೆಲೆ ಹೆಚ್ಚೆಂದು ಕದ್ದ ಪ್ರತಿಯನ್ನು ಹಾಕಿಕೊಂಡು ಕಲಿಯುವ ಪದ್ಧತಿಯು ಅಲ್ಲಲ್ಲಿ ಇರುವದೆಂದು ಕೇಳಿದ್ದೇನೆ. ಶ್ರೀಮಠದ ಶಾಲೆಯಲ್ಲಿ ಅದು ಎಂದಿಗೂ ಕೂಡದು. ಇನ್ನೊಬ್ಬರ ಶ್ರಮವನ್ನು ಕದ್ದು ಕಾಯಕವನ್ನು ಕಲಿಯುವದೆಂತು? ಅದರ ಅವಶ್ಯಕತೆಯೂ ಇಲ್ಲ. ಫ್ರೀಕ್ಯಾಡ್ ಎಂಬ ತಂತ್ರಾಂಶವು 2002ರಿಂದ ಲೋಕದ ಅನೇಕ ಮಂದಿಯ ಕೂಡುಗೆಲಸದಿಂದ ಬೆಳೆದು, 2024ರ ನವೆಂಬರಿನಲ್ಲಿ ಅದರ 1.0 ಆವೃತ್ತಿಯು ಹೊರಟಿತು. ಅದನ್ನು ಯಾರೂ ಬೆಲೆ ಕೊಡದೆ ಪಡೆಯಬಹುದು, ಹಂಚಬಹುದು. ಘನರೂಪ ರಚಿಸುವದೂ ಉಳಿಯ ದಾರಿ ಬರೆಯುವದೂ ಅದರಲ್ಲಿ ಸಾಧ್ಯ. ಒಂದರಲ್ಲಿ ಸಂಬಂಧ, ಮೂಲ, ಸೈರಣೆಗಳ ಅರಿವು ಗಟ್ಟಿಯಾದರೆ, ಕಾರಖಾನೆಯಲ್ಲಿ ಬೇರೊಂದು ತಂತ್ರಾಂಶವಿದ್ದರೂ ಗುಂಡಿಗಳ ಸ್ಥಳವನ್ನು ಕಲಿಯುವದಷ್ಟೇ ಉಳಿಯುವದು.

ಇನ್ನು ಗಣಕಶಾಲೆಯ ಸಂಕಲ್ಪದ ವಿಷಯವಾಗಿ ನನ್ನ ಅರಿಕೆಗಳು. ಹತ್ತು ಗಣಕಗಳನ್ನು ಕೊಳ್ಳುವ ಹಣವಿದ್ದರೆ ಐದನ್ನು ಕೊಂಡು, ಉಳಿದ ಹಣದಲ್ಲಿ ಒಂದು ಹಳೆಯ ಲೇಥನ್ನೂ ಕ್ಯಾಲಿಪರು, ಮೈಕ್ರೋಮೀಟರು, ಗೇಜುಗಳನ್ನೂ ತರಬೇಕು. ಮೊದಲನೆಯ ತಿಂಗಳು ಗಣಕದ ಕೋಣೆಗೆ ಬೀಗವಿರಲಿ. ಮಕ್ಕಳು ಕಾಗದದ ಮೇಲೆ ಸೀಸದ ಕಡ್ಡಿಯಿಂದ ನಕ್ಷೆಯನ್ನು ಬರೆಯಲಿ, ಕೈಗೆ ಸಿಕ್ಕಿದ ವಸ್ತುವನ್ನು ಅಳೆಯಲಿ. ಎರಡನೆಯ ಹಂತದಲ್ಲಿ ತಂತ್ರಾಂಶವನ್ನು ಕಲಿತು, ಮೂರನೆಯ ಹಂತದಲ್ಲಿ ತಾವು ಬರೆದ ಒಂದು ವಸ್ತುವನ್ನಾದರೂ ತಾವೇ ಮಾಡಿ, ಅಳೆದು, ನಕ್ಷೆಯೊಡನೆ ಹೋಲಿಸಲಿ. ಪಾಠ ಹೇಳುವದಕ್ಕೆ ಪದವೀಧರರೊಬ್ಬರು ಬರುವಂತೆ, ಆ ವೃದ್ಧ ಮೇಸ್ತ್ರಿಯಂಥವರೂ ಗೌರವಧನವನ್ನು ಪಡೆದು ಗುರುಪೀಠದಲ್ಲಿ ಕೂಡಲಿ. ಹೆಣ್ಣುಮಕ್ಕಳಿಗೆ ಸಮನಾದ ಸ್ಥಳವಿರಲಿ. ಗಿರಣಿ, ಟ್ರ್ಯಾಕ್ಟರು, ಪಂಪುಗಳ ಮುರಿದ ಭಾಗಗಳನ್ನು ಊರವರು ತಂದು ಒಪ್ಪಿಸಲಿ. ಅವುಗಳಿಗಿಂತ ಒಳ್ಳೆಯ ಪಠ್ಯಪುಸ್ತಕವು ನಮಗೆ ಬೇಕಾಗಿಲ್ಲ.

ಕಡೆಗೆ, ಆ ಹುಡುಗನ ಗತಿಯೇನಾಯಿತೆಂದು ತಾವು ಕೇಳಬಹುದು. ಅವನು ಮೇಸ್ತ್ರಿಯ ಲೇಥಿನ ಪಕ್ಕದಲ್ಲಿ ಒಂದು ವರುಷ ನಿಂತನು. ಎರಡನೆಯ ಪುಲ್ಲಿಯ ನಕ್ಷೆಯನ್ನು ತಾನೇ ಬರೆದು, ತೂತಿನ ಪಕ್ಕದಲ್ಲಿ ಸೈರಣೆಯನ್ನು ನಮೂದಿಸಿ, ಅದಾದ ಮೇಲೆಯೇ ಯಂತ್ರಕ್ಕೆ ಕಳುಹಿದನು. ಶಾಫ್ಟಿಗೆ ಹಾಕುವಾಗ ಅದು ಕೈಯೊತ್ತಿನಿಂದಲೇ, ಗಾಳಿ ಸರಿದ ಸಣ್ಣ ಸಪ್ಪಳದೊಡನೆ ಕೂಡಿಕೊಂಡಿತಂತೆ. ಈಗಲೂ ಆ ಗಿರಣಿಯಲ್ಲಿ ಅದೇ ಪುಲ್ಲಿ ತಿರುಗುತ್ತಲಿದೆ. ತಾಯಿಯ ಬಂಗಾರವು ಬಿಡಿಸಿ ಮನೆಗೆ ಬಂದಿತು. ಮೊನ್ನೆ ಅವನು ಮಠಕ್ಕೆ ಬಂದಾಗ ಚಿಕ್ಕ ಹುಡುಗನೊಬ್ಬನಿಗೆ ಕ್ಯಾಲಿಪರು ಹಿಡಿಯುವದನ್ನು ತೋರಿಸುತ್ತಿದ್ದನು. “ಮೊದಲು ಇದು ಎಲ್ಲಿ ಸವೆದಿದೆ ನೋಡು, ಆಮೇಲೆ ಅಳೆ” ಎಂದು ಹೇಳುತ್ತಿದ್ದುದು ನನ್ನ ಕಿವಿಗೆ ಬಿದ್ದಿತು.

ನಮ್ಮ ಗಣಕಶಾಲೆಯಿಂದ ಹೊರಡುವ ಪ್ರತಿಯೊಬ್ಬ ಮಗುವಿನ ಬಾಯಲ್ಲಿಯೂ ಆ ಮಾತು ಬರುವಂತಾಗಲೆಂದು ಶ್ರೀಗುರುವಿನಲ್ಲಿ ಬೇಡಿಕೊಂಡು, ತಿಳಿಯದವನು ಆಡಿದ ಮಾತಿನಲ್ಲಿ ತಪ್ಪಿದ್ದರೆ ಬಲ್ಲವರು ತಿದ್ದಬೇಕೆಂದು ವಿಜ್ಞಾಪಿಸಿ, ನನ್ನ ಭಾಷಣವನ್ನು ಮುಗಿಸುವೆನು.